ಲೈಕು ನಮಗೆ, ಗಿರಾಕಿ ಎದುರಂಗಡಿಗೆ

ಭೀಮಾ ದಂಡೆಯ ಘತ್ತರಗಿಯಲ್ಲಿ ಭಾಗ್ಯವಂತಿ ದೇವಿಗೆ ಹ್ಯಾಷ್‌ಟ್ಯಾಗಿನ ಗರಜಿಲ್ಲ. ಅಮವಾಸ್ಯೆ ಬಂದರೆ ಸಾಕು, ಜನ ತಾವಾಗಿಯೇ ಬರುತ್ತಾರೆ. ಫಜೀತಿ ಏನಿದ್ದರೂ ಭಕ್ತರನ್ನು ಗಿರಾಕಿ ಮಾಡಿಕೊಳ್ಳಬೇಕಾದ ನಮ್ಮ ಕಡೆಯ ಖಾನಾವಳಿಯವರದು.

2018ರಲ್ಲಿ ವಾಟ್ಸಾಪ್ ಬಿಸಿನೆಸ್ ಬಂತು, ಮರುವರ್ಷ ಕ್ಯಾಟಲಾಗೂ ಬಂದು ರೊಟ್ಟಿ ಹಂಚಿಗಿಂತ ಮೊದಲು ಅದೇ ಬಿಸಿಯಾಯಿತು! ‘ರೊಟ್ಟಿಗೆ ಪುಂಡಿಪಲ್ಯವೋ, ಎಣ್ಣೆಗಾಯಿಯೋ?’ ಎಂದು ಪೋಲ್ ಹಾಕಿದರೆ ಓಣಿಗೆ ಓಣಿಯೇ ಮತ ಹಾಕುತ್ತದೆ. ಉಣ್ಣುವುದು ಮಾತ್ರ ತಮ್ಮ ತಮ್ಮ ಮನೆಯಲ್ಲಿ. ಸ್ಟೇಟಸ್ಸಿನ ಆಯುಷ್ಯ 24 ತಾಸು. ಅಷ್ಟರೊಳಗೆ ನೋಡಿದವರ ಪಟ್ಟಿ ತೆಗೆದರೆ ಬೀಗರು, ಸಾಲ ಕೊಟ್ಟವರು, ಎಲ್ಲರಿಗಿಂತ ಮೊದಲು ಎದುರಂಗಡಿಯವ. ರೇಟು ನೋಡಿ ಐದು ರೂಪಾಯಿ ಇಳಿಸಲು. ಬ್ರಾಡ್‌ಕಾಸ್ಟ್ ಲಿಸ್ಟಿನಲ್ಲಿ ಒಮ್ಮೆಗೇ 256 ಮಂದಿಗೆ ಕಳಿಸಬಹುದು, ಆದರೆ ಮುಟ್ಟುವುದು ನಮ್ಮ ನಂಬರು ಸೇವ್ ಮಾಡಿಕೊಂಡವರಿಗಷ್ಟೇ. ಹೀಗಾಗಿ ತಾಟಿಗೆ ತುಪ್ಪ ಬಡಿಸುವಾಗಲೇ, “ಅಣ್ಣಾರ, ನಂಬರ್ ಸೇವ್ ಮಾಡ್ಕೋರಿ” ಎಂಬ ಉಪಚಾರ.

ಇಷ್ಟೆಲ್ಲ ಮಾಡಿ, ಜಾಲತಾಣದ ಪೋಸ್ಟಿನ ಕಮೆಂಟಿನಲ್ಲಿ ಯಾರೋ “ಊಟಕ್ಕೆಷ್ಟ್ರೀ?” ಎಂದರೆ, “ಇನ್‌ಬಾಕ್ಸಿಗೆ ಬರ್ರಿ” ಎಂಬ ಉತ್ತರ! ಸಂತೆಯಲ್ಲಿ ಕೂಗಿ ಹೇಳುವ ದರವನ್ನು ಇಲ್ಲಿ ಕಿವಿಯಲ್ಲಿ ಉಸುರುವುದೇಕೋ? ಮಗ್ಗುಲಿನವ ಕೇಳಿಸಿಕೊಂಡರೆ ಅವನೂ ಉಣ್ಣಲು ಬಂದಾನೆಂಬ ಅಂಜಿಕೆಯೇ?