ಉತ್ಸಾಹಿ ನೌಕರರನ್ನು ತಯಾರಿಸುವ ವಿಧಾನ

ಈ ಕೈಪಿಡಿ ಹೊರವರ್ತುಲ ರಸ್ತೆ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ಸ್ ಸಿಟಿ ಕಡೆಯ ಕಂಪನಿಗಳ ಎಚ್‌ಆರ್ ಮ್ಯಾನೇಜರುಗಳಿಗೆ. ಗಾರ್ಮೆಂಟ್ಸ್ ಕಾರ್ಖಾನೆಯವರಿಗೆ ಇದರ ಅಗತ್ಯವಿಲ್ಲ. ಅಲ್ಲಿನ ಹೆಣ್ಣುಮಕ್ಕಳು ತಮಗೆ ಬೇಕೆನಿಸಿದ್ದರಲ್ಲಿ ಹೇಗೆ ತೊಡಗಿಕೊಳ್ಳುತ್ತಾರೆ ಎಂಬುದನ್ನು 2016ರ ಏಪ್ರಿಲ್‌ನಲ್ಲಿ ತೋರಿಸಿಕೊಟ್ಟಿದ್ದಾರೆ. ಪಿಎಫ್ ಹಣ ತೆಗೆಯುವ ನಿಯಮ ಬದಲಾಯಿತೆಂದು ಅವರು ಎರಡು ದಿನ ಬೆಂಗಳೂರಿನ ರಸ್ತೆಗಿಳಿದರು, ಕೇಂದ್ರ ಸರ್ಕಾರ ನಿಯಮವನ್ನೇ ವಾಪಸು ತೆಗೆದುಕೊಂಡಿತು. ಬಲೂನಿನ ಖರ್ಚೂ ಇರಲಿಲ್ಲ.

ಬೇಕಾಗುವ ಸಾಮಗ್ರಿ: ಒಂದು ಸರ್ವೆ, ಒಂದು ಕೇಕು, ಬಲೂನು, ರಂಗೋಲಿ ಪುಡಿ. ಬಜೆಟ್ ಉಳಿದರೆ ಟೀ ಷರ್ಟು. ಸಂಬಳ ಹೆಚ್ಚಿಸುವ ಅಧಿಕಾರ ಈ ಪಟ್ಟಿಯಲ್ಲಿಲ್ಲ. ಅದು ನಿಮ್ಮ ಕೈಯಲ್ಲಿಲ್ಲವೆಂದು ನಿಮಗೂ ಗೊತ್ತು, ಅವರಿಗೂ ಗೊತ್ತು.

ಮೊದಲು ಒಂಚೂರು ಶಾಸ್ತ್ರ. ವಿಲಿಯಂ ಕಾನ್ ಎಂಬ ವಿದ್ವಾಂಸ ಬೇಸಿಗೆ ಶಿಬಿರವೊಂದರ ಸಿಬ್ಬಂದಿಯನ್ನೂ ಆರ್ಕಿಟೆಕ್ಟ್ ಕಂಪನಿಯೊಂದರ ನೌಕರರನ್ನೂ ಹತ್ತಿರದಿಂದ ನೋಡಿ 1990ರಲ್ಲಿ ಒಂದು ಪ್ರಬಂಧ ಬರೆದ. ಮನುಷ್ಯ ಮನಸ್ಸಿಟ್ಟು ದುಡಿಯಲು ಮೂರು ಬೇಕು ಅಂದ: ಮಾಡುವ ಕೆಲಸಕ್ಕೊಂದು ಅರ್ಥ, ಬಾಯಿಬಿಟ್ಟರೆ ಕೇಡಾಗದೆಂಬ ಧೈರ್ಯ, ಮೈಮನಸ್ಸಿನಲ್ಲಿ ಉಳಿದ ತ್ರಾಣ. ಮೂರನ್ನೂ ಎರಡನೇ ಸ್ಲೈಡಿನಲ್ಲಿ ಹಾಕಿ, ಚಿತ್ರವೊಂದನ್ನು ಅಂಟಿಸಿ, ಮೂರನೇ ಸ್ಲೈಡಿಗೆ ಹೋಗಿ.

ಈಗ ಸರ್ವೆ. ಗ್ಯಾಲಪ್ ಸಂಸ್ಥೆಯ 12 ಪ್ರಶ್ನೆಗಳ ಮಾದರಿ ಜಗತ್ಪ್ರಸಿದ್ಧ. ಆಫೀಸಿನಲ್ಲಿ ಆಪ್ತ ಗೆಳೆಯರಿದ್ದಾರೆಯೇ ಎಂದು ಅದು ಕೇಳುತ್ತದೆ, ಸಂಬಳ ಸಾಲುತ್ತದೆಯೇ ಎಂದು ಒಂದರಲ್ಲೂ ಕೇಳುವುದಿಲ್ಲ. ಮ್ಯಾನೇಜ್‌ಮೆಂಟಿಗೆ ಅದು ಅಷ್ಟು ಹಿಡಿಸಲು ಇದೂ ಕಾರಣವಿರಬೇಕೆಂಬ ಗುಮಾನಿ ನನಗಿದೆ. ಟೀಮಿನ ಉತ್ಸಾಹದ ಬಹುಪಾಲು ನೇರ ಮ್ಯಾನೇಜರ್ ಕೈಯಲ್ಲಿರುತ್ತದೆ ಎಂದೂ ಅದೇ ಗ್ಯಾಲಪ್ ಹೇಳಿದೆ. ಆ ಭಾಗವನ್ನು ಮ್ಯಾನೇಜರುಗಳಿಗೆ ಓದಿ ಹೇಳುವ ಗೋಜಿಗೆ ಹೋಗಬೇಡಿ.

ಹೆಸರು ಬೇಡ, ಉತ್ತರ ಗೋಪ್ಯ ಎಂದು ದಪ್ಪಕ್ಷರದಲ್ಲಿ ಹಾಕಿ. ಅದರ ಕೆಳಗೇ ವಿಭಾಗ, ಊರು, ಸರ್ವೀಸು, ಗಂಡೋ ಹೆಣ್ಣೋ ಎಂದು ಕೇಳಿ. ಟೆಸ್ಟಿಂಗ್ ಟೀಮಿನಲ್ಲಿ 6 ವರ್ಷ ದಾಟಿದ ಹೆಂಗಸು ಒಬ್ಬಳೇ ಇದ್ದರೆ ಅದು ಆಕೆಯ ಗ್ರಹಚಾರ. ಆಕೆ ಎಲ್ಲದಕ್ಕೂ ಐದಕ್ಕೆ ನಾಲ್ಕು ಕೊಟ್ಟು ಕೈತೊಳೆದುಕೊಳ್ಳುತ್ತಾಳೆ. ಐದು ಕೊಟ್ಟರೆ ನಂಬುವವರಿಲ್ಲ, ಎರಡು ಕೊಟ್ಟರೆ ಮೀಟಿಂಗಿಗೆ ಕರೆ ಬರುತ್ತದೆ. ಕೊನೇ ದಿನದ ಹಿಂದಿನ ಸಂಜೆ, ತುಂಬದವರಿಗೆ ಮಾತ್ರ, ಹೆಸರು ಹಿಡಿದು ಮೇಲ್ ಕಳಿಸಿ: ‘ಈ ಗೋಪ್ಯ ಸರ್ವೆಯನ್ನು ನೀವಿನ್ನೂ ತುಂಬಿಲ್ಲ.’

ಅಂಕ ಕಡಿಮೆ ಬಂತೇ? ಮನೆಯಿಂದ ಕೆಲಸ ಮಾಡುವುದೇ ಇದಕ್ಕೆ ಕಾರಣವೆಂದು ಘೋಷಿಸಿ. ವಾರಕ್ಕೆ 3 ದಿನ ಬಂದು ಕಾರ್ಡ್ ಉಜ್ಜಲಿ. ಯಲಹಂಕದಿಂದ ಬೆಳ್ಳಂದೂರಿಗೆ ಟ್ರಾಫಿಕ್ಕಿನಲ್ಲಿ ಬೆಂದು ಬಂದವನು ಹೆಡ್‌ಫೋನ್ ಸಿಕ್ಕಿಸಿಕೊಂಡು ಪುಣೆಯ ಮ್ಯಾನೇಜರ್ ಜೊತೆ ವಿಡಿಯೊ ಕಾಲ್‌ಗೆ ಕೂರುತ್ತಾನೆ. ವರದಿಯಲ್ಲಿ ಇದಕ್ಕೆ ಸಹಯೋಗ ಎನ್ನಿ.

ನವೆಂಬರ್ ನಿಮ್ಮ ಸುಗ್ಗಿ. ರಾಜ್ಯೋತ್ಸವ 1ನೇ ತಾರೀಕಿಗೇ ಆಗಬೇಕೆಂದೇನಿಲ್ಲ, ಕ್ಲೈಂಟ್ ಕಾಲ್ ಇಲ್ಲದ ಶುಕ್ರವಾರ ನೋಡಿ. ಗಂಡಸರು ವೆಲ್ಕ್ರೋ ಅಂಟಿಸುವ ರೆಡಿಮೇಡ್ ಪಂಚೆಯಲ್ಲಿ ಬರುತ್ತಾರೆ, ಲಿಫ್ಟಿನಲ್ಲೊಮ್ಮೆ ಚರ್ರೆಂಬ ಸದ್ದು ಕೇಳುತ್ತದೆ. ರಂಗೋಲಿ ಸ್ಪರ್ಧೆ ಇರಲೇಬೇಕು. ಇಡೀ ಬಿಲ್ಡಿಂಗಿನಲ್ಲಿ ಚುಕ್ಕಿ ತಪ್ಪದೆ ಎಳೆಯಬಲ್ಲವಳು ಮೂರನೇ ಫ್ಲೋರಿನ ಹೌಸ್‌ಕೀಪಿಂಗ್ ಅಕ್ಕ. ಆದರೆ ಆಕೆ ಕಾಂಟ್ರ್ಯಾಕ್ಟ್ ಮೇಲಿರುವವಳು, ಸ್ಪರ್ಧೆಗೆ ಸೇರುವ ಹಾಗಿಲ್ಲ. ಹೋದ ಸಲ ಗೆದ್ದ ಟೀಮಿನ ನವಿಲಿನ ಕಾಲನ್ನು ಆಕೆಯೇ ಬಗ್ಗಿ ಸರಿಮಾಡಿದ್ದಳು. ಫೋಟೊ ತೆಗೆಯುವಾಗ ‘ಅಕ್ಕಾ, ಒಂಚೂರು ಪಕ್ಕಕ್ಕೆ’ ಅಂದರು. ಸಂಜೆ ಮಾಪ್ ಹಾಕಿದವಳೂ ಆಕೆಯೇ.

ಎಚ್ಚರಿಕೆ. ನಿಮ್ಮಲ್ಲೇ ಕೆಲವರು ದಾರಿ ತಪ್ಪಿದ್ದಾರೆ. ಹಿಂದಿನ ಸರ್ವೆಯಲ್ಲಿ ಬಂದ ಒಂದಾದರೂ ದೂರನ್ನು ಸರಿಪಡಿಸಿ, ಸರಿಪಡಿಸಿದ್ದೇವೆಂದು ತಿಳಿಸಿದ ಮೇಲೇ ಮುಂದಿನದನ್ನು ಕಳಿಸುತ್ತಾರೆ. ರಜೆಯಲ್ಲಿದ್ದವನಿಗೆ ಫೋನ್ ಮಾಡಿದ ಟೀಮ್ ಲೀಡನ್ನು ಕರೆದು ಯಾಕೆಂದು ಕೇಳುತ್ತಾರೆ. ಕೊಡಲಾಗದ್ದನ್ನು ಕೊಡಲಾಗದು ಎಂದೇ ಹೇಳುತ್ತಾರೆ. ಅಂಥವರ ಸಹವಾಸ ಬೇಡ. ಅವರ ಫ್ಲೋರಿನಲ್ಲಿ ಬಲೂನು ಊದಲು ಜನ ಸಿಗುವುದಿಲ್ಲ, ಎಲ್ಲರೂ ಕೆಲಸದಲ್ಲಿರುತ್ತಾರೆ.

ಕೊನೆಗೆ ರಾಜೀನಾಮೆ. ಗಾಬರಿ ಬೇಡ, 90 ದಿನದ ನೋಟಿಸ್ ಪೀರಿಯಡ್ ಇದೆ. ಅಪ್ರೈಸಲ್ ಹೊತ್ತಿನಲ್ಲಿ ಇರದ ದುಡ್ಡು ಈ ಪತ್ರ ಬಂದ ಮರುದಿನ ಎಲ್ಲಿಂದಲೋ ಹುಟ್ಟುತ್ತದೆ, ಕೊಟ್ಟು ನೋಡಿ. ಒಪ್ಪದಿದ್ದರೆ ಎಕ್ಸಿಟ್ ಇಂಟರ್‌ವ್ಯೂ ಮಾಡಿ.

‘ಯಾಕೆ ಬಿಡ್ತಿದ್ದೀರಿ?’

‘ಎರಡು ವರ್ಷದಿಂದ ಸರ್ವೆಯಲ್ಲಿ ಬರೆದಿದ್ದೀನಲ್ಲ ಮೇಡಂ.’

ಫಾರಮ್ಮಿನಲ್ಲಿ ‘ವೈಯಕ್ತಿಕ ಕಾರಣ’ ಎಂದು ಟಿಕ್ ಮಾಡಿ. ಆತ ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟು ಹೊಸಬನನ್ನು ತನ್ನಿ, ಅವನಿಗೆ ಕೆಲಸ ಕಲಿಸಿಕೊಡುವ ‘ಕೆಟಿ’ಯನ್ನು ಹಳಬನಿಗೇ ಒಪ್ಪಿಸಿ. ಆ ದಿನಗಳಲ್ಲಿ ಮಾತ್ರ ಇಬ್ಬರನ್ನೂ ಒಟ್ಟಿಗೆ ಊಟಕ್ಕೆ ಬಿಡಬೇಡಿ. ಸಂಬಳದ ಮಾತು ಬರುತ್ತದೆ.