ಬ್ಲೇಜರಿಗೆ ಬೇಸಿಗೆ ರಜೆ ಬೇಡ

ಉತ್ತರಹಳ್ಳಿ, ಬೆಂಗಳೂರು

ನಮ್ಮ ವಿಶ್ವವಿದ್ಯಾಲಯದ ವಸ್ತ್ರಸಂಹಿತೆ ಉಪಸಮಿತಿಯ ಗೌರವಾನ್ವಿತ ಸದಸ್ಯರಿಗೆ,

ಮಾನ್ಯರೇ,

ತಮ್ಮ ಬೇಸಿಗೆ ಸುತ್ತೋಲೆ ಕೈಸೇರಿತು. ಗಂಡಸರಿಗೆ ತುಂಬುತೋಳಿನ ಅಂಗಿ, ಇನ್‌ಶರ್ಟ್, ಟೈ, ಬೂಟು. ಹೆಂಗಸರಿಗೆ ಸೀರೆ, ಸೆರಗಿಗೆ ಪಿನ್ನು. ಪೋಷಕರು ಬರುವ ದಿನಗಳಲ್ಲಿ ಎಲ್ಲರಿಗೂ ಬ್ಲೇಜರು. ಬಿಸಿಲನ್ನು ಗಮನದಲ್ಲಿಟ್ಟುಕೊಂಡು ಶನಿವಾರ ಮಧ್ಯಾಹ್ನ ಎರಡರ ನಂತರ ಟೈ ಸಡಿಲಿಸಲು ಅನುಮತಿ. ಶನಿವಾರ ನಮ್ಮ ಕಚೇರಿಗೆ ಒಂದೂವರೆಗೇ ಬೀಗ ಬೀಳುತ್ತದೆ ಎಂಬುದನ್ನು ಬಿಟ್ಟರೆ ಈ ರಿಯಾಯಿತಿಯಲ್ಲಿ ಹುಡುಕಿದರೂ ಕುಂದು ಸಿಗದು.

ಪರೀಕ್ಷಾ ವಿಭಾಗದ ನನ್ನ ಸಹೋದ್ಯೋಗಿಗಳು ಕೆಲವರು ಗೊಣಗುತ್ತಿದ್ದಾರೆ. ಬೆಂಗಳೂರು ಮೊದಲಿನಂತಿಲ್ಲ, ಧಗೆ ತಡೆಯಲಾಗದು ಎನ್ನುತ್ತಾರೆ. ನಾನು ಅವರಿಗೆ ದಾಖಲೆ ತೋರಿಸಿದೆ. ನಗರದಲ್ಲಿ ಈವರೆಗಿನ ಅತಿ ಹೆಚ್ಚು ಉಷ್ಣಾಂಶವೆಂದು ಹೇಳುವ 39.2 ಡಿಗ್ರಿ ದಾಖಲಾದದ್ದು 2016ರ ಏಪ್ರಿಲ್ 24ರಂದು. ಅಂದು ಭಾನುವಾರ. 2024ರ ಏಪ್ರಿಲ್ 28ರಂದು 38.5ಕ್ಕೆ ಏರಿತು. ಅಂದೂ ಭಾನುವಾರ. ಸೂರ್ಯನೇ ಕೆಲಸದ ದಿನಗಳಲ್ಲಿ ಸಂಯಮದಿಂದಿರುವಾಗ ನೌಕರರಿಗೇನು ಅಡ್ಡಿ?

ಬ್ಲೇಜರಿನ ಅಗತ್ಯವೂ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಉತ್ತರಹಳ್ಳಿಯಿಂದ ಕೆಂಗೇರಿಯ ಕಡೆಗೆ ದಿನವೂ ಬಸ್ಸಿನಲ್ಲಿ ಹೋಗುವವನು ನಾನು. ಏಪ್ರಿಲ್ ಬಂತೆಂದರೆ ದಾರಿಯುದ್ದಕ್ಕೂ ಕಾಲೇಜುಗಳ ಫ್ಲೆಕ್ಸುಗಳು. ಸಿಇಟಿ, ಕಾಮೆಡ್‌ಕೆ, ಅಡ್ಮಿಷನ್ನು, ಎಲ್ಲಕ್ಕೂ ಬೇಸಿಗೆಯೇ ಮುಹೂರ್ತ. ಹೀಗಾಗಿ ಊರು ಬೇಯುವ ತಿಂಗಳಲ್ಲೇ ನಾವು ಉಣ್ಣೆಯಂಥ ಬಟ್ಟೆ ತೊಟ್ಟು ಕೌಂಟರಿನಲ್ಲಿ ನಗಬೇಕು. ಎದುರಿಗೆ ಕೂತ ಪೋಷಕರು ಮಾತ್ರ ಹಾವೇರಿಯಿಂದಲೋ ಚಳ್ಳಕೆರೆಯಿಂದಲೋ ಬಂದವರು. ಬಿಳಿ ಪಂಚೆ, ಅರ್ಧ ತೋಳಿನ ಅಂಗಿ, ಹೆಗಲಿಗೊಂದು ಟವಲು. ಆ ಕೋಣೆಯಲ್ಲಿ ಹವಾಮಾನಕ್ಕೆ ತಕ್ಕ ಬಟ್ಟೆ ತೊಟ್ಟವರು ಅವರೊಬ್ಬರೇ. 2024ರ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲೊಂದು ಪಂಚೆ ಉಟ್ಟ ರೈತರನ್ನು ಒಳಗೆ ಬಿಡದೆ, ಸರ್ಕಾರದಿಂದ ಏಳು ದಿನ ಬಾಗಿಲು ಮುಚ್ಚಿಸಿಕೊಂಡಿತು. ನಮ್ಮಲ್ಲಿ ಅಂಥ ಅವಿವೇಕ ನಡೆಯದು. ಶುಲ್ಕ ಕಟ್ಟುವವರಿಗೆ ವಸ್ತ್ರಸಂಹಿತೆ ಇಲ್ಲ, ಸಂಬಳ ಪಡೆಯುವವರಿಗಷ್ಟೇ.

(ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಾಗ ಮೇಡಂಗಳೆಲ್ಲ ಒಂದೇ ಬಣ್ಣದ ಸೀರೆ ಉಟ್ಟು ಸಾಲಾಗಿ ನಿಂತಿದ್ದರು. ನ್ಯಾಕ್‌ನ ಅಂದಿನ ಏಳು ಮಾನದಂಡಗಳಲ್ಲಿ ಸೀರೆಯ ಬಣ್ಣ ಎಷ್ಟನೆಯದರಡಿ ಬರುತ್ತದೆಂದು ಯಾರೂ ಹೇಳಲಿಲ್ಲ.)

ಸಮಿತಿಯ ಸಭೆಗೆ ಕಡತ ಹಿಡಿದು ಬಂದಾಗ ಇನ್ನೊಂದು ಗುಟ್ಟು ತಿಳಿಯಿತು. ಸಭಾಂಗಣದ ಎಸಿ 18ರಲ್ಲಿತ್ತು. ಬ್ಲೇಜರು ತೊಟ್ಟವರಿಗೆ ಎಸಿ ಬೇಕು, ಎಸಿಯಲ್ಲಿ ಕೂತವರಿಗೆ ಬ್ಲೇಜರು ಬೇಕು, ಎರಡರ ಬಿಲ್ಲೂ ವಿಶ್ವವಿದ್ಯಾಲಯಕ್ಕೆ. ಜಪಾನಿನವರಿಗೆ ಈ ಚಕ್ರದ ಸೊಗಸು ಅರ್ಥವಾಗಲಿಲ್ಲ. 2005ರಲ್ಲಿ ‘ಕೂಲ್ ಬಿಜ್’ ಎಂದು ಹೆಸರಿಟ್ಟು ಸರ್ಕಾರಿ ಕಚೇರಿಗಳ ಎಸಿಯನ್ನು 28ಕ್ಕೆ ಏರಿಸಿ, ಕೋಟು ಟೈ ಕಳಚಿಡಿ ಎಂದರು. ಪ್ರಧಾನಿಯೇ ಟೈ ಇಲ್ಲದೆ ಕಾಣಿಸಿಕೊಂಡರು. ಅಲ್ಲಿಗೆ ಅಡ್ಮಿಷನ್ನಿಗೆ ಹೋಗುವವರು ಎರಡು ಸಲ ಯೋಚಿಸಲಿ.

ದೂರದ ಮಾತೇಕೆ, ನಮ್ಮ ಬೆಂಗಳೂರು ವಿಶ್ವವಿದ್ಯಾಲಯವೇ ಒಂದು ಕಾಲದಲ್ಲಿ ಎಂಥ ಅಪಾಯ ದಾಟಿ ಬಂದಿದೆ! 1970ರ ದಶಕದಲ್ಲಿ ಅದರ ಕುಲಪತಿಯಾಗಿದ್ದವರು ಡಾ. ಎಚ್. ನರಸಿಂಹಯ್ಯ. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಪಡೆದು ಬಂದವರು. ಉಡುಗೆ ಮಾತ್ರ ಖಾದಿ ಪಂಚೆ, ಜುಬ್ಬ, ಗಾಂಧಿ ಟೋಪಿ. ವಾಸ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲಿ. ತಮ್ಮ ಸುತ್ತೋಲೆಯ ಪ್ರಕಾರ ಅವರನ್ನು ಗೇಟಿನಲ್ಲೇ ನಿಲ್ಲಿಸಬೇಕಾಗುತ್ತಿತ್ತು. ಅವರೂ ಸಮಿತಿ ರಚಿಸಿದ್ದುಂಟು, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು. ಬಟ್ಟೆ ಪರೀಕ್ಷಿಸಲೂ ಒಂದು ಸಮಿತಿ ಬೇಕೆಂದು ಆ ವಿಜ್ಞಾನಿಗೆ ಹೊಳೆಯದೇ ಹೋಯಿತು.

ಬೇರೆಡೆಯ ಸಡಿಲಿಕೆಗಳನ್ನೂ ತಮ್ಮ ಗಮನಕ್ಕೆ ತರುತ್ತೇನೆ, ಎಚ್ಚರಿಕೆಗಾಗಿ. 2024ರ ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟು ವಿಚಾರಣಾ ನ್ಯಾಯಾಲಯಗಳ ವಕೀಲರಿಗೆ ಮೇ ಕೊನೆಯವರೆಗೆ ಕರಿಕೋಟು ಬೇಡವೆಂದಿತು. 2021ರ ನವೆಂಬರಿನಲ್ಲಿ ಕೇರಳ ಸರ್ಕಾರ ಅಧ್ಯಾಪಕಿಯರಿಗೆ ಸೀರೆಯೇ ಆಗಬೇಕೆಂದು ಒತ್ತಾಯಿಸಬಾರದು ಎಂದು ಆದೇಶ ಹೊರಡಿಸಿತು. ಕಾಸರಗೋಡಿನ ಕನ್ನಡ ಮೇಡಂ ಚೂಡಿದಾರದಲ್ಲೇ ಛಂದಸ್ಸು ಹೇಳಿಕೊಡಬಹುದು. ಲಘು-ಗುರು ತಪ್ಪಿದ ವರದಿ ಇನ್ನೂ ಬಂದಿಲ್ಲ.

ಇಷ್ಟೆಲ್ಲ ಮೆಚ್ಚಿದ ಮೇಲೆ ಒಂದು ಲೋಪ ಹೇಳಲೇಬೇಕು. ಮೂರು ಪುಟದ ಸುತ್ತೋಲೆಯಲ್ಲಿ ಡೀನ್‌ನಿಂದ ಹಿಡಿದು ಅಟೆಂಡರ್‌ವರೆಗೆ ಎಲ್ಲರೂ ಇದ್ದಾರೆ, ಗೇಟಿನ ಸೆಕ್ಯುರಿಟಿಯವರು ಇಲ್ಲ. ನಿಜಕ್ಕೂ ವಸ್ತ್ರಸಂಹಿತೆಯನ್ನು ಚಾಚೂ ತಪ್ಪದೆ ಪಾಲಿಸುವವರು ಅವರೊಬ್ಬರೇ. ದಪ್ಪ ಪಾಲಿಯೆಸ್ಟರ್ ಅಂಗಿ, ಅದೇ ಬಟ್ಟೆಯ ಪ್ಯಾಂಟು, ಸೊಂಟಕ್ಕೆ ಅಗಲವಾದ ಬೆಲ್ಟು, ತಲೆಗೆ ಟೋಪಿ, ಕಾಲಿಗೆ ಬೂಟು, ಎದೆಗೆ ಸೀಟಿಯ ಹಗ್ಗ. ಬೆವರು ಹೀರದ ಆ ಬಟ್ಟೆಯಲ್ಲಿ ಹನ್ನೆರಡು ಗಂಟೆಯ ಪಾಳಿ. ಕೂರಲು ತಗಡಿನ ಗೂಡಿದೆ, ಆದರೆ ಮಧ್ಯಾಹ್ನ ಅದರೊಳಗೆ ಇರುವುದಕ್ಕಿಂತ ಹೊರಗೆ ನಿಂತಿರುವುದೇ ವಾಸಿ ಎನ್ನುತ್ತಾರೆ. ಕಾರು ಬಂದಾಗಲೆಲ್ಲ ಸೆಲ್ಯೂಟು ಬೇರೆ. ಗಾಜು ಇಳಿಸಿದರೆ ಒಳಗಿನ ತಂಪು ಹೋಗುತ್ತದಲ್ಲ, ಹಾಗಾಗಿ ಮರುನಮಸ್ಕಾರ ಕಾಣಿಸುವುದಿಲ್ಲ.

ಹೌಸ್‌ಕೀಪಿಂಗಿನ ಹೆಂಗಸರೂ ಸುತ್ತೋಲೆಯಲ್ಲಿಲ್ಲ. ಅವರು ಸೀರೆಯ ಮೇಲೆ ಮೊಣಕಾಲಿನವರೆಗೆ ಬರುವ ಕೋಟೊಂದನ್ನು ತೊಟ್ಟು ಗುಂಡಿ ಹಾಕಿಕೊಂಡು ನಾಲ್ಕನೇ ಮಹಡಿಯಿಂದ ಒರೆಸುತ್ತ ಬರುತ್ತಾರೆ. ಲಿಫ್ಟು ಸಿಬ್ಬಂದಿಗೆ ಮಾತ್ರ. ಒಂದು ಮೇ ತಿಂಗಳಲ್ಲಿ ಅವರಲ್ಲೊಬ್ಬರು ಗುಂಡಿ ಬಿಚ್ಚಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಕ್ಕೆ ಸೂಪರ್‌ವೈಸರ್ ಫೋಟೊ ತೆಗೆದುಕೊಂಡು ಹೋದರು. ಬ್ಲೇಜರನ್ನು ಕುರ್ಚಿಯ ಬೆನ್ನಿಗೆ ನೇತುಹಾಕಿ ಕೂತ ಪ್ರೊಫೆಸರರ ಫೋಟೊ ಯಾರೂ ತೆಗೆಯುವುದಿಲ್ಲ, ನಮ್ಮ ವಿಶ್ವವಿದ್ಯಾಲಯದ ಪತ್ರಿಕೆಯವರನ್ನು ಬಿಟ್ಟು.

ಬೇಸಿಗೆಯ ಮಟ್ಟಿಗಾದರೂ ಇವರಿಗೆ ಹತ್ತಿಯ ಅಂಗಿ ಕೊಡಿಸಲಾದೀತೇ ಎಂದು ಆಡಳಿತ ಕಚೇರಿಯಲ್ಲಿ ವಿಚಾರಿಸಿದೆ. ‘ಅವರು ನಮ್ಮ ಸಿಬ್ಬಂದಿಯಲ್ಲ ಸಾರ್, ಏಜೆನ್ಸಿಯವರು, ಅಲ್ಲಿ ಕೇಳಿ’ ಎಂದರು. ಏಜೆನ್ಸಿಯ ಸೂಪರ್‌ವೈಸರನ್ನು ಕೇಳಿದೆ. ‘ಯೂನಿಫಾರ್ಮು ಕ್ಲೈಂಟು ಹೇಳಿದ ಹಾಗೆ. ಅವರು ಬರೆದುಕೊಟ್ಟರೆ ನಾಳೆಯೇ ಬದಲಾಯಿಸ್ತೀವಿ’ ಎಂದರು. ಕ್ಲೈಂಟು ಅಂದರೆ ನಾವೇ. ಹಳೇ ಬೂಟಿನ ಹಣ ಸಂಬಳದಲ್ಲಿ ಹಿಡಿಯುವುದೂ ನಾವು ಹೇಳಿದ್ದಕ್ಕೇ ಏನು ಎಂದು ಕೇಳುವಷ್ಟರಲ್ಲಿ ಅವರಿಗೆ ಫೋನು ಬಂತು.

ಪದ್ಧತಿಯಂತೆ ಈ ಪತ್ರದ ಕೆಳಗೆ ‘ಪ್ರತಿ’ ಎಂದು ಬರೆದು ಸಂಬಂಧಪಟ್ಟವರನ್ನು ನಮೂದಿಸಬೇಕು. ಆ ಜಾಗ ಖಾಲಿ ಬಿಟ್ಟಿದ್ದೇನೆ. ಸಂಬಂಧಪಟ್ಟವರು ಯಾರೆಂದು ತಮ್ಮ ಮುಂದಿನ ಸಭೆಯಲ್ಲಿ ತೀರ್ಮಾನವಾದರೆ ತಿಳಿಸಿ, ಇನ್ನೊಂದು ಪ್ರತಿ ತೆಗೆಸಿ ಕಳಿಸುತ್ತೇನೆ. ಜೆರಾಕ್ಸಿನ ಖರ್ಚು ನನ್ನದು.

ಇಂತಿ ತಮ್ಮ ವಿಧೇಯ,
ಪರೀಕ್ಷಾ ವಿಭಾಗದ ಒಬ್ಬ ನೌಕರ

ಪ್ರತಿ: