ಸೆಟಪ್ ಸಾವ್ಕಾರ

ನಾನು ಕೇಳಿದ್ದು ಒಂದೇ ಮಾತು. "ಸಾವ್ಕಾರ್ರ, ಮನ್ಯಾಗ ಹಾಡ ರೆಕಾರ್ಡ್ ಮಾಡಾಕ ಯಾವ ಮೈಕ ತಗೋಬೇಕ್ರಿ?"

ಕೇಳಿದಾಗ ಬೆಳಗಿನ ಹತ್ತು. ಹಿಡಕಲ್ ಹಿನ್ನೀರಿನ ಕಡೆಗೆ ಮೇಯಲು ಹೋದ ದನಗಳು ಮನೆಗೆ ಮರಳುವಾಗಲೂ ಉತ್ತರ ನಡೆದೇ ಇತ್ತು. ನಡುವೆ ಮೂರು ಸಲ ಚಹಾ, ಒಂದು ಸಲ ರೊಟ್ಟಿ-ಝುಣಕ ಆಯಿತು. ಮೈಕಿನ ಹೆಸರು ಮಾತ್ರ ಹೊರಬರಲಿಲ್ಲ.

ಸಾವ್ಕಾರ ಎಂದರೆ ಬಡ್ಡಿಗೆ ಸಾಲ ಕೊಡುವವನೆಂದು ತಿಳಿಯಬೇಡಿ. ನಮ್ಮ ಬೆಳಗಾವಿ ಕಡೆ ನಾಲ್ಕು ಎಕರೆ ಕಬ್ಬು, ಇಸ್ತ್ರಿಯ ಒಂದು ಬಿಳಿ ಅಂಗಿ ಇದ್ದವರೆಲ್ಲ ಸಾವ್ಕಾರರೇ. ಇವನಿಗೆ ಕಬ್ಬೂ ಇದೆ, ಅಂಗಿಯೂ ಇದೆ. ಇಲ್ಲದ್ದು ಹಾಡು ರೆಕಾರ್ಡ್ ಮಾಡುವ ಸೆಟಪ್ಪು. "ಒಂದ ಸೆಟಪ್ ಮಾಡೂದೈತಿ" ಎಂದು ನಾಲ್ಕು ವರ್ಷದಿಂದ ಹೇಳುತ್ತ ಬಂದು ಆ ಬಿರುದು ಗಳಿಸಿದ್ದಾನೆ. ಬೋರು ಕೊರೆಸುವ ಮೊದಲೇ ಪಂಪಿನ ಹಾರ್ಸ್‌ಪವರ್ ಲೆಕ್ಕ ಹಾಕುವವನು, ಹೆಣ್ಣು ನೋಡುವ ಮೊದಲೇ ಮಂಗಲ ಕಾರ್ಯಾಲಯದ ಬಾಡಿಗೆ ವಿಚಾರಿಸುವವನು ನಿಮ್ಮ ಊರಲ್ಲೂ ಇರಬೇಕು. ಇವನೂ ಅದೇ ಗೋತ್ರ.

ನಮ್ಮ ಊರು ದಡ್ಡಿ. ಹೆಸರು ಕೇಳಿ ಬೆಂಗಳೂರಿನವರು ಮುಸಿಮುಸಿ ನಗುತ್ತಾರೆ, ನಗಲಿ. ಕುರಿ-ದನ ಕೂಡುವ ಜಾಗಕ್ಕೂ ನಮ್ಮ ಕಡೆ ದಡ್ಡಿ ಎನ್ನುತ್ತಾರೆ. ಮೋಹನಗಾದ ಭಾವೇಶ್ವರಿ ಜಾತ್ರೆಗೆ ಬಂದು ಹೋಗುವವರಿಗೆ ಊರಿನ ಗುರುತು ಉಂಟು. ಸಾವ್ಕಾರನ ಸ್ಟುಡಿಯೋಕ್ಕೆ ಗೊತ್ತಾದ ಜಾಗವೂ ಒಂದು ದಡ್ಡಿಯೇ. ಮನೆಯ ಹಿಂದಿನ ದನದ ಕೊಟ್ಟಿಗೆ. ಎಮ್ಮೆಗೆ ಬೇರೆ ವ್ಯವಸ್ಥೆ ಆಗುವವರೆಗೆ ಸ್ಟುಡಿಯೋ ಮುಂದಕ್ಕೆ, ಸ್ಟುಡಿಯೋ ನಿರ್ಧಾರವಾಗುವವರೆಗೆ ಎಮ್ಮೆಯ ವ್ಯವಸ್ಥೆ ಮುಂದಕ್ಕೆ. ಎಮ್ಮೆ ಆರಾಮಾಗಿದೆ.

ಅವನಿಗೆ ಹಾಡು ಬರುವುದಿಲ್ಲವೆಂದು ಹೇಳಿದರೆ ಪಾಪ ಬರುತ್ತದೆ. ಸೋಮವಾರದ ಭಜನೆಯಲ್ಲಿ ಹಾರ್ಮೋನಿಯಂ ಪೇಟಿಯ ಕಾಳಿ ಚಾರ್‌ನಿಂದ ಎತ್ತಿದರೆ ದಿಮ್ಮಡಿ ಬಾರಿಸುವವನು ಕೈ ತಡೆದು ಕೇಳುತ್ತಿದ್ದ. ಒಂದು ತತ್ವಪದವನ್ನು ತಾನೇ ಕಟ್ಟಿದ್ದ. ಪಲ್ಲವಿ ಆಯಿತು, ಮೊದಲ ನುಡಿ ಆಯಿತು. ಇದನ್ನು ಚಲೋ ರೀತಿಯಿಂದ ರೆಕಾರ್ಡ್ ಮಾಡಬೇಕು ಎಂದುಕೊಂಡ ದಿನವೇ ಎರಡನೆಯ ನುಡಿ ನಿಂತಿತು.

ಮೊದಲು ಸಾಫ್ಟ್‌ವೇರಿನ ಪ್ರಶ್ನೆ. ಇದರಲ್ಲಿ ಅವನ ಪಾಂಡಿತ್ಯ ನಿಜಕ್ಕೂ ದೊಡ್ಡದು, ಮತ್ತು ಅದನ್ನು ಅವನು ನಮ್ಮ ಭಾಷೆಗೆ ಇಳಿಸುವ ರೀತಿ ಅದಕ್ಕಿಂತ ದೊಡ್ಡದು. "ಅಡಾಸಿಟಿ ಅಂದ್ರ ಧರ್ಮದ ಅರವಟ್ಟಿಗಿ. 2000ದಿಂದ ಪುಕ್ಕಟೆ ಐತಿ. ನೀರ ಕುಡಿರಿ, ಹೋಗ್ರಿ. ಅಲ್ಲೇ ಅಡಗಿ ಮಾಡ್ಕೊಂಡ ಉಣ್ತೀನಿ ಅಂದ್ರ ಆಗೂದಿಲ್ಲ." ಎಫ್‌ಎಲ್ ಸ್ಟುಡಿಯೋ ಬೆಲ್ಜಿಯಮ್ಮಿನದು. ಒಮ್ಮೆ ದುಡ್ಡು ಕೊಟ್ಟರೆ ಮುಂದಿನ ಆವೃತ್ತಿಗಳೆಲ್ಲ ಆಜೀವ ಉಚಿತ, ಆದರೆ ದುಡ್ಡು ಕೊಡುವ ಮೊದಲು ಮಾಡಿದ ಕೆಲಸವನ್ನು ಉಳಿಸಬಹುದೇ ಹೊರತು ಮತ್ತೆ ತೆರೆಯಲು ಬರುವುದಿಲ್ಲ. "ಕಣಜದಾಗ ಜ್ವಾಳ ಹಾಕ್ರಿ, ಕೀಲಿ ಅವರ ಕಡೆ." ಜರ್ಮನಿಯ ಕ್ಯೂಬೇಸ್ 1989ರಿಂದ ಇರುವ ಹಳೆಯ ಮನೆತನ, ವರದಕ್ಷಿಣೆ ಜಾಸ್ತಿ. ಲಾಜಿಕ್ ಬೇಕೆಂದರೆ ಆ್ಯಪಲ್ ಕಂಪನಿಯ ಯಂತ್ರವೇ ಬೇಕು: "ಮಗಳನ್ನ ಕೊಡ್ತೀವಿ, ಆದ್ರ ನೀವ ಮನಿ ಅಳಿಯ ಆಗಬೇಕು."

ಅವನ ಮನಸ್ಸು ನಿಂತದ್ದು ರೀಪರ್ ಮೇಲೆ. ವಿನ್ಯಾಂಪ್ ಮಾಡಿದ ಜಸ್ಟಿನ್ ಫ್ರಾಂಕೆಲ್ ಎಂಬಾತನದೇ ಇದೂ. 60 ದಿನ ನೋಡಲು ಕೊಡುತ್ತಾರೆ, ಆಮೇಲೆ ಸ್ವಂತ ಬಳಕೆಗೆ 60 ಡಾಲರ್. 60 ದಿನ ಮುಗಿದರೂ ಬಾಗಿಲು ಹಾಕುವುದಿಲ್ಲ, ತೆರೆದಾಗೊಮ್ಮೆ ಬಾಕಿ ನೆನಪಿಸುತ್ತದೆ. "ಇದು ನಮ್ಮ ಕಿರಾಣಿ ಅಂಗಡಿ ಉದ್ರಿ ಇದ್ದಂಗ ಮಾಸ್ತರ್ರ. ಸಾಮಾನ ಕೊಡ್ತಾನ, ಮುಖಾ ನೋಡ್ತಾನ." ಉದ್ರಿ ಇಟ್ಟುಕೊಂಡು ತತ್ವಪದ ಹಾಡಬಾರದೆಂಬ ನೇಮದಿಂದ ಅದನ್ನೂ ಇಳಿಸಿಕೊಂಡಿಲ್ಲ.

ಮೈಕಿನ ವಿಷಯದಲ್ಲಿ ಅಡ್ಡ ಬಂದವಳು ಅವನ ಅವ್ವ. ಕಂಡೆನ್ಸರ್ ಮೈಕಿಗೆ 48 ವೋಲ್ಟಿನ ಫ್ಯಾಂಟಮ್ ಪವರ್ ಬೇಕು. ಫ್ಯಾಂಟಮ್ ಅಂದರೇನೋ ಎಂದು ಕೇಳಿದ್ದಕ್ಕೆ ಇವನು ಪ್ರಾಮಾಣಿಕವಾಗಿ "ದೆವ್ವ" ಎಂದ. ಅಮಾಸಿ ಹತ್ತಿರವಿತ್ತು. "ಯಪ್ಪಾ, ದೆವ್ವದ ಕರೆಂಟ ಮನಿ ಒಳಗ ಬ್ಯಾಡ" ಎಂದು ಆಕೆ ಹೊಸ್ತಿಲಿಗೆ ಲಿಂಬೆಹಣ್ಣು ಕಟ್ಟಿದಳು. ಮೈಕಿಗೆ ವಿದ್ಯುತ್ತು ಅದೇ ಕೇಬಲ್ಲಿನಲ್ಲಿ ಬಂದರೂ ಕಣ್ಣಿಗೆ ಬೇರೆ ತಂತಿ ಕಾಣದ್ದಕ್ಕೆ ಆ ಹೆಸರೆಂದು ಇವನು ಒಂದು ತಾಸು ತಿಳಿಸಿ ಹೇಳಿದ. "ಕಾಣಂಗಿಲ್ಲಂದ್ರ ಮತ್ತ ದೆವ್ವನ ಅಲಾ?" ಎಂದಳು. ಗೋಡೆಗೆ ತತ್ತಿಯ ಟ್ರೇ ಹೊಡೆಯುವ ಮಾತೆತ್ತಿದಾಗಲಂತೂ ನಿತ್ಯ ಲಿಂಗಪೂಜೆಯ ಆ ಮನೆಯಲ್ಲಿ ಆದದ್ದನ್ನು ಇಲ್ಲಿ ಬರೆಯುವುದಿಲ್ಲ. ತತ್ತಿಯ ಟ್ರೇಗೆ ಹೊರಗಿನ ಸದ್ದನ್ನು ತಡೆಯುವ ತಾಕತ್ತೇ ಇಲ್ಲ ಎಂಬುದು ಆಮೇಲೆ ಅವನಿಗೂ ತಿಳಿಯಿತು. ಅವ್ವ ಅದನ್ನು ಶಿವನ ತೀರ್ಪು ಎಂದಳು.

ಒಂದು ಸಲ ನಾನು ಚುಚ್ಚಿ ನೋಡಿದೆ. "ಸಾವ್ಕಾರ್ರ, 1902ರಾಗ ಗೌಹರ್ ಜಾನ್ ಕಲ್ಕತ್ತಾದ ಹೋಟೆಲ್ ಕೋಣ್ಯಾಗ ಒಂದ ತಗಡಿನ ಕಹಳಿ ಮುಂದ ನಿಂತ ಹಾಡಿದ್ಲು. ಮೈಕ ಇಲ್ಲ, ಕರೆಂಟ ಇಲ್ಲ. ಮೂರ ಮಿನಿಟಿನಾಗ ಖಯಾಲ ಮುಗಿಸಿ ಕಡೀಕ ತನ್ನ ಹೆಸರ ತಾನ ಹೇಳಿ ಬಂದ್ಲು. ಆಕಿ ಯಾವ ಸೆಟಪ್ ಕೇಳಿದ್ಲು?" ಕೊನೆಗಾಲಕ್ಕೆ ನಮ್ಮ ಮೈಸೂರಿಗೇ ಬಂದು 1930ರಲ್ಲಿ ಅಲ್ಲೇ ತೀರಿಕೊಂಡಳೆಂಬುದನ್ನೂ ಸೇರಿಸಿದೆ, ಅಭಿಮಾನಕ್ಕಾದರೂ ತಟ್ಟೀತು ಎಂದು.

ಅವನು ಸುಪಾರಿ ಕತ್ತರಿಸುವುದನ್ನು ನಿಲ್ಲಿಸಿ ನನ್ನ ಕಡೆ ಕರುಣೆಯಿಂದ ನೋಡಿದ. "ಆಕಿಗೆ ಕಹಳಿ ಒಂದ ಇತ್ತರಿ. ಎರಡ ಇದ್ದಿದ್ರ ಆಕಿನೂ ಕುಂದರತಿದ್ಲು."

ಇದಕ್ಕೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ.

ಇಷ್ಟರಿಂದ ಅವನನ್ನು ಕೆಲಸಕ್ಕೆ ಬಾರದವನೆಂದು ಬಗೆದರೆ ತಪ್ಪು. ಗೋಕಾಕ, ಮೂಡಲಗಿ, ಸಂಕೇಶ್ವರ ಎಲ್ಲ ಕಡೆಯಿಂದ ಜನ ಇವನನ್ನು ಹುಡುಕಿಕೊಂಡು ಬರುತ್ತಾರೆ. ಜಾನಪದ ಡಿಜೆ ಹಾಡು ಮಾಡುವ ಹುಡುಗರು ಬರುತ್ತಾರೆ, ಕೀಬೋರ್ಡು-ಪ್ಯಾಡು ಹೊತ್ತು ತಿರುಗುವ ಆರ್ಕೆಸ್ಟ್ರಾದವರು ಬರುತ್ತಾರೆ. ಫೀ ಎಂದರೆ ಗೋಕಾಕದ ಕರದಂಟು, ಅರ್ಧ ಕಿಲೋ. ಒಮ್ಮೆ ಪಾರಿಜಾತ ಆಡುವ ಗಾಯಕಿಯೊಬ್ಬಳು ಬಂದಿದ್ದಳು. ಕುಲಗೋಡ ತಮ್ಮಣ್ಣ ಹಸನುಗೊಳಿಸಿದ, ಕೌಜಲಗಿ ನಿಂಗಮ್ಮ ಊರೂರು ಮೆರೆಸಿದ ಶ್ರೀಕೃಷ್ಣ ಪಾರಿಜಾತ ನಮ್ಮ ಸೀಮೆಯ ಆಟ. ಬಯಲಿನ ಕಟ್ಟಕಡೆಯ ಮನುಷ್ಯನ ಕಿವಿಗೆ ಮುಟ್ಟಿಸಿ ರೂಢಿಯಾದ ಗಂಟಲು ಅದು. ಈಕೆ ಬಾಯಿ ತೆರೆದರೆ ಮನೆಯ ಮೈಕಿನಲ್ಲಿ ಕೆಂಪು ದೀಪ ಹತ್ತಿ ದನಿಯೆಲ್ಲ ಒಡೆದು ಬರುತ್ತಿತ್ತು. ಮೈಕು ಕೆಟ್ಟಿದೆಯೆಂದು ಬದಲಿಸಲು ಹೊರಟವಳನ್ನು ಇವನು ಕೂರಿಸಿದ. "ಅವ್ವಾ, ಮೈಕ ಬ್ಯಾರೆ ಬ್ಯಾಡ. ಎರಡ ಮೊಳ ಹಿಂದ ಸರೀರಿ. ಗೇನ್ ಇಳಸ್ರಿ. ಎಷ್ಟ ಜೋರ ಹಾಡಿದ್ರೂ ಮುಳ್ಳ ಮೈನಸ್ ಹನ್ನೆರಡ ದಾಟಬಾರದು. 24 ಬಿಟ್ ಇದ್ರ ಇಳಿಸಿದ್ದು ಆಮ್ಯಾಲ ಏರಿಸಬಹುದು, ಒಡದ ದನಿ ಮಾತ್ರ ಕೂಡಂಗಿಲ್ಲ." ಒಂದು ಪೈಸೆ ಖರ್ಚಿಲ್ಲದೆ ಕೆಲಸವಾಯಿತು.

ಭಜನಾ ಮೇಳದವರ ಪೇಟಿಯ ತಂಟೆಯನ್ನೂ ಇವನೇ ಬಗೆಹರಿಸಿದ್ದು. ಅಜ್ಜನ ಕಾಲದ ಪೇಟಿ ಒಂದು ಸ್ಥಾಯಿಯಲ್ಲಿ, ಕೀಬೋರ್ಡಿನಲ್ಲಿ ಮಾಡಿಸಿದ ಟ್ರ್ಯಾಕು ಇನ್ನೊಂದರಲ್ಲಿ. ನಡುವಿನ ಅಂತರ ಒಂದು ಸ್ವರದಷ್ಟೂ ಇಲ್ಲ, ಹಲ್ಲು ಜುಮ್ಮೆನ್ನಲು ಸಾಕಾಗುವಷ್ಟು ಮಾತ್ರ. ಪೇಟಿಯ ರೀಡು ಕೆರೆಸಬೇಕೆಂದು ಎಲ್ಲರೂ ಹೊರಟಾಗ "ಮುದುಕರನ್ನ ಬಗ್ಗಸಬ್ಯಾಡ್ರಿ, ಹುಡುಗರನ್ನ ಬಗ್ಗಸ್ರಿ" ಎಂದು ಸಾಫ್ಟ್‌ವೇರಿನಲ್ಲಿ ಟ್ರ್ಯಾಕನ್ನೇ ಕೆಲವು ಸೆಂಟ್ ಇಳಿಸಿಕೊಟ್ಟ. ನೂರು ಸೆಂಟು ಸೇರಿದರೆ ಅರ್ಧ ಸ್ವರ. ಆಮೇಲೆ ಎರಡು ತಾಸು ಅತ್ತ. ಜಪಾನಿನ ತೈಕೋ ಡೋಲಿನ ಧ್ವನಿ ಎಷ್ಟೋ ವಾದ್ಯಧ್ವನಿ ಲೈಬ್ರರಿಗಳಲ್ಲಿ ಸಿಗುತ್ತದೆ, ನಮ್ಮ ಹಲಗಿ, ಸಂಬಾಳ ಮಾತ್ರ ತಾನು ನೋಡಿದ ಒಂದರಲ್ಲೂ ಇಲ್ಲ ಎಂದು. ಇದು ಮಾತ್ರ ನ್ಯಾಯವಾದ ಅಳು.

ಅವನು ಕೂಡಿಸಿಕೊಟ್ಟ ಮನೆ ಸ್ಟುಡಿಯೋಗಳು ನನ್ನದನ್ನು ಬಿಟ್ಟು ಮೂರು. ಮೂರರಲ್ಲೂ ಮೊದಲ ಫೈಲು ಅವನದೇ: "ಹಲೋ, ಚೆಕ್, ಚೆಕ್, ವನ್ ಟೂ." ಇಷ್ಟು ವರ್ಷದಲ್ಲಿ ಅವನ ಕಂಠದಿಂದ ಮುದ್ರಣವಾದ ಸಾಹಿತ್ಯ ಇಷ್ಟೇ. ಮೂರನೆಯದರಲ್ಲಿ "ತ್ರೀ" ಕೂಡ ಇದೆಯಂತೆ.

ನನ್ನದು ನಾಲ್ಕನೆಯದು. ನಮ್ಮ ದೊಡ್ಡವ್ವನ ಬೀಸುವ ಪದಗಳನ್ನು ಹಿಡಿದಿಡಬೇಕಿತ್ತು. ಸಾವಿರ ರೂಪಾಯಿಯ ಒಂದು ಕಂಡೆನ್ಸರ್ ಮೈಕನ್ನು ಆನ್‌ಲೈನಿನಲ್ಲಿ ತರಿಸಿ ಆಗಲೇ ಪಶ್ಚಾತ್ತಾಪಪಟ್ಟಿದ್ದೆ. ದೊಡ್ಡವ್ವನೊಬ್ಬಳದನ್ನು ಬಿಟ್ಟು ಓಣಿಯ ಎಲ್ಲರ ದನಿಯೂ ಅದರಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು. ಮೈಕು ಕೇಳಲು ಹೋದ ಆ ದಿನ ಸಾವ್ಕಾರ ಸಂಜೆಯ ಹೊತ್ತಿಗೆ ದಣಿದು ಬಾಯಿ ಬಿಟ್ಟ. "ಕಂಡೆನ್ಸರ್ ಅಂದ್ರ ಚಾಡಿಕೋರ ಸೊಸಿ, ಎಲ್ಲಾ ಕೇಳಿಸ್ಕೋತೈತಿ. ನಿಮ್ಮ ಮನಿಗೆ ಡೈನಾಮಿಕ್ ಸಾಕು, ಬಾಯಿ ಹತ್ರ ಹೇಳಿದ್ದಷ್ಟ ಕೇಳತೈತಿ. ಸಣ್ಣದೊಂದ ಇಂಟರ್ಫೇಸ್ ತಗೋರಿ. ಬಫರ್ 128ಕ್ಕ ಇಡ್ರಿ, ಮೂರ ಮಿಲಿಸೆಕೆಂಡ. 1024ಕ್ಕ ಇಟ್ರ 23 ಆಗತೈತಿ, ಹೆಡ್‌ಫೋನಿನಾಗ ದೊಡ್ಡವ್ವನ ದನಿ ಆಕಿ ಹಿಂದಿಂದ ಓಡಿ ಬಂದಂಗ ಕೇಳತೈತಿ. ಗ್ವಾಡಿಗೆ ಫೋಮ್ ಬ್ಯಾಡ. ಕೌದಿ, ಕಂಬಳಿ ಇಳಿಬಿಡ್ರಿ. ಗ್ವಾಡಿಗೆ ಹತ್ತಿಸಬ್ಯಾಡ್ರಿ, ಒಂದ ಗೇಣ ಬಿಡ್ರಿ. ಆ ಸಂದಿನ್ಯಾಗ ದನಿ ಸಾಯ್ತೈತಿ."

ಹೇಳಿದ ಹಾಗೇ ಮಾಡಿದೆ. ನಾಲ್ಕು ಕೌದಿ, ಎರಡು ಕಂಬಳಿ. ಬೀಸುಕಲ್ಲು ಇರುವುದು ಕೊಟ್ಟಿಗೆಯಲ್ಲಿ, ಕಲ್ಲು ಬಿಟ್ಟು ಹಾಡಲು ದೊಡ್ಡವ್ವ ಒಪ್ಪಲಿಲ್ಲ, ಹಾಗಾಗಿ ಅಲ್ಲೇ ಇಟ್ಟೆ. ಹದಿನಾಲ್ಕು ಪದ ಸಿಕ್ಕವು. ಕೇಳಿಸಲು ಸಾವ್ಕಾರನನ್ನು ಕರೆದೆ. ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿದ. ತವರಿನ ಪದ ಬಂದಾಗ ಗಂಟಲು ಅಲ್ಲಾಡಿದ್ದನ್ನು ಕಂಡೆ. ಮುಗಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದು ಹೇಳಿದ.

"ಹಿಂದ ಎಮ್ಮಿ ಒದರೂದು ಬಂದೈತಿ. ಅದನ್ನಷ್ಟ ಕತ್ತರಿಸಿದ್ರ ಚಲೋ ಇತ್ತು."

ದೊಡ್ಡವ್ವ ಬಾಗಿಲಲ್ಲೇ ನಿಂತಿದ್ದಳು. "ಎಮ್ಮಿ ತಗದ ಮ್ಯಾಲ ನಾ ಯಾರ ಮುಂದ ಹಾಡ್ಲೋ ಯಪ್ಪಾ?" ಎಂದು ಒಳಗೆ ಹೋದಳು.

ಅವನು ಈಗ ಕಾಯುತ್ತಿರುವುದು 32 ಬಿಟ್ ಫ್ಲೋಟ್ ರೆಕಾರ್ಡರಿನ ಬೆಲೆ ಇಳಿಯುವುದಕ್ಕೆ. ಅದರಲ್ಲಿ ಗೇನ್ ಇಡುವ ತಾಪತ್ರಯವೇ ಇಲ್ಲವಂತೆ. ಅದು ಬಂದ ಮೇಲೆ ಎರಡನೆಯ ನುಡಿ. ಮೈಕು ಕೊಳ್ಳುವವರಿದ್ದರೆ ದಡ್ಡಿಗೆ ಬಂದು ಅವನನ್ನು ಕೇಳಿಯೇ ಕೊಳ್ಳಿ, ನನ್ನ ಮಾತು ನಂಬಿ. ಬರುವಾಗ ಕರದಂಟು ತನ್ನಿ, ಅಮಾಸಿ ದಿನ ಬೇಡ, ಮತ್ತು ಮನೆಯಲ್ಲಿ ಸಂಜೆಗೆ ಬರುತ್ತೇವೆಂದು ಹೇಳಿ ಹೊರಡಿ.